ಶಿಷ್ಯನಿಗೆ ತಬಲಾ ಸಾಥ್ ನೀಡಿದ ಗುರು

ಎಳೆಯರನ್ನು ಮನಸಾರೆ ಮೆಚ್ಚುವುದೂ ಒಂದು ದಾಸೋಹವೆಂದು ನಾವು ಭಾವಿಸುತ್ತೇವೆ. ಸಕಾಲದಲ್ಲಿ ದೊರೆತ ಮೆಚ್ಚುಗೆಯು ಎಷ್ಟು ಬಾಳುಗಳನ್ನು ಬೆಳಗಬಲ್ಲದೆಂಬುದನ್ನು ಗಾನಯೋಗಿ ಪಂಚಾಕ್ಷರಿ ಗವಾಯಿಗಳವರ ಜೀವನದಲ್ಲಿ ಕಾಣುತ್ತೇವೆ.

1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಗದಿಗೆಯ್ಯನವರು ಹುಟ್ಟು ಅಂಧರು. ಸಹೋದರ ಗುರುಬಸಯ್ಯನವರಿಗೂ ದೃಷ್ಟಿಯಿರಲಿಲ್ಲ. ಅಂಧ ಮಗುವನ್ನು ಕಂಡು ಮರುಗುವವರು ಅಂದು ಬಹಳ ಮಂದಿ ಇದ್ದರು; ಆ ಮಗುವಿನಲ್ಲಿರುವ ಶಕ್ತಿಯನ್ನು ಗುರುತಿಸುವವರು ವಿರಳ. ಹಾನಗಲ್ಲ ಕುಮಾರ ಶಿವಯೋಗಿಗಳು ಈ ಬಾಲಕರ ಹಾಡನ್ನು ಕೇಳಿ ಸಂತುಷ್ಟರಾದರು. ಅಷ್ಟಕ್ಕೇ ನಿಲ್ಲದೆ ಅವರಿಗೆ ಆಶ್ರಯವಿತ್ತು, ಸಂಗೀತಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಕರ್ನಾಟಕ ಹಾಗೂ ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಗದಿಗೆಯ್ಯನವರು ಮುಂದೆ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ಪರಿಚಿತರಾದರು.

ತಮಗೆ ದೊರೆತ ಗುರುಕೃಪೆಯನ್ನು ಗವಾಯಿಗಳು ಇತರ ಮಕ್ಕಳಿಗೆ ಹಂಚಿದರು. ಬ್ರಹ್ಮಚಾರಿಗಳಾಗಿಯೇ ಉಳಿದು, ಅಂಧ ಹಾಗೂ ಅನಾಥ ಮಕ್ಕಳಿಗೆ ನಾದವಿದ್ಯೆಯನ್ನು ಕಲಿಸಲು ಬದುಕನ್ನು ಮುಡಿಪಾಗಿಟ್ಟರು. ಶಿಷ್ಯರೊಡನೆ ಊರೂರು ಸಂಚರಿಸುತ್ತ ಪಾಠ ಹೇಳಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಕೊನೆಗೆ ಅವರ ನೆಲೆಯಾಯಿತು. ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ದೇವಗಿರಿಯ ಪುಟ್ಟರಾಜರು ಅವರ ಮಡಿಲಲ್ಲಿಯೇ ಬೆಳೆದರು.

ಗವಾಯಿಗಳವರ ವಾತ್ಸಲ್ಯವನ್ನು ತೋರುವ ಒಂದು ಪ್ರಸಂಗವನ್ನು ನಾವು ವಿಶೇಷವಾಗಿ ಸ್ಮರಿಸಬೇಕು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪಿಯಲ್ಲಿ ಜರುಗಿತು. ಇನ್ನೂ ಇಪ್ಪತ್ತು ತುಂಬದ ಶಿಷ್ಯ ಬಸವರಾಜ ರಾಜಗುರು ಅವರ ಮೊದಲ ಕಛೇರಿ ಅಲ್ಲಿ ನಡೆಯಿತು. ಆ ವೇದಿಕೆಯಲ್ಲಿ ತಬಲಾ ಸಾಥ್ ನೀಡಲು ಕುಳಿತವರು ಸ್ವತಃ ಗುರುಗಳೇ. ಸಾಥ್ ನೀಡುವವರು ಹಾಡುವವರನ್ನು ಅನುಸರಿಸುವುದು ಕಛೇರಿಯ ಕ್ರಮ. ಮಹಾಸಭೆಯ ಮುಂದೆ ಗುರುವೇ ಶಿಷ್ಯನ ದನಿಯನ್ನು ಅನುಸರಿಸಿ ನುಡಿಸಿದಾಗ, ಆ ಎಳೆಯ ಹೃದಯಕ್ಕೆ ಅದಕ್ಕಿಂತ ಹಿರಿದಾದ ಪ್ರಶಂಸೆ ಬೇರಾವುದಿದ್ದೀತು?

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಪುಟ್ಟರಾಜ ಗವಾಯಿಗಳವರು 2010ರವರೆಗೆ ಆ ಆಶ್ರಮವನ್ನು ಮುನ್ನಡೆಸಿದರು. ರಾಜಗುರು ಅವರು ಹಿಂದೂಸ್ತಾನಿ ಗಾಯನದಲ್ಲಿ ದೇಶವ್ಯಾಪಿ ಕೀರ್ತಿ ಗಳಿಸಿದರು.

ನಮ್ಮ ಮನೆಯ ಮಗುವೊಂದು ಹಾಡಿ ತೋರಿಸಿದಾಗ, ಚಿತ್ರವೊಂದನ್ನು ಬರೆದು ತಂದಾಗ, ನಾವು ಅಂಕಪಟ್ಟಿಯನ್ನೇ ನೆನಪಿಸುತ್ತಿಲ್ಲವೇ? ಕೈಯಲ್ಲಿರುವ ಕೆಲಸವನ್ನು ಕ್ಷಣಕಾಲ ಬದಿಗಿರಿಸಿ ಆ ಮಗುವಿನೆದುರು ಕುಳಿತುಕೊಳ್ಳೋಣ. ಪೂರ್ತಿಯಾಗಿ ಕೇಳಿ, ಬೆನ್ನು ಚಪ್ಪರಿಸಿ, ಯಾವುದು ಇಷ್ಟವಾಯಿತೆಂಬುದನ್ನು ಬಾಯ್ತುಂಬ ಹೇಳೋಣ. ಗವಾಯಿಗಳವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವಿದು.