ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ನಮ್ಮ ಮನೆಯ ದೀಪ

ಮಂಡ್ಯದ ಹಿರಿಮೆಯನ್ನು ಹೇಳಹೊರಟವರು ಮೊದಲು ಕನ್ನಂಬಾಡಿ ಕಟ್ಟೆಯನ್ನೂ ವಿಶ್ವೇಶ್ವರಯ್ಯನವರನ್ನೂ ನೆನೆಯುತ್ತಾರೆ. ಅದು ನ್ಯಾಯವೇ ಸರಿ. ನಾಲೆಯ ನೀರುಂಡು ಬೆಳೆದ ಕಬ್ಬಿನ ದುಡ್ಡಿನಲ್ಲಿಯೇ ನಮ್ಮಲ್ಲಿ ಅನೇಕರ ಫೀಜು ಕಟ್ಟಲ್ಪಟ್ಟಿದೆ. ಆದರೆ ಕಟ್ಟೆಗೆ ಅಸ್ತಿಭಾರ ಬೀಳುವುದಕ್ಕೆ ಹತ್ತು ವರ್ಷ ಮೊದಲೇ ಇದೇ ಕಾವೇರಿಯಿಂದ ಇದೇ ಸೀಮೆಯಲ್ಲಿ ಇನ್ನೊಂದು ಫಲವನ್ನು ತೆಗೆಯಲು ಹೊರಟ ದಿವಾನರೊಬ್ಬರಿದ್ದರು. ಅವರ ಹೆಸರಿನ ಪೇಟೆ ಬೆಂಗಳೂರಿನಲ್ಲಿದೆ, ಪ್ರತಿಮೆ ಕಬ್ಬನ್ ಪಾರ್ಕಿನಲ್ಲಿದೆ. ಅವರು ಮಾಡಿದ ದೊಡ್ಡ ಕೆಲಸ ಮಾತ್ರ ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿದೆ. ಈಚೆಗೆ ಮನೆಯ ಮಾಳಿಗೆಯ ಮೇಲೆ ಸೌರಫಲಕ ಹಾಕಿಸಬೇಕೇ ಬೇಡವೇ ಎಂಬ ಚರ್ಚೆ ಊರೂರಿನ ಜಗಲಿಗಳ ಮೇಲೆ ನಡೆದಿರುವಾಗ, ಆ ಮಹನೀಯರ ಜೀವನವನ್ನು ಒಮ್ಮೆ ತಿರುವಿ ನೋಡುವುದು ಉಪಯುಕ್ತವೆಂದು ನನಗೆ ತೋರಿತು.

ಕುಮಾರಪುರಂ ಶೇಷಾದ್ರಿ ಅಯ್ಯರ್ ಅವರು ೧೮೪೫ನೆಯ ಇಸವಿ ಜೂನ್ ೧ರಂದು ಮಲಬಾರಿನ ಪಾಲ್ಘಾಟಿನ ಬಳಿ ಜನಿಸಿದರು. ತಂದೆ ಕಲ್ಲಿಕೋಟೆಯಲ್ಲಿ ವಕೀಲರು. ಬಾಲಕನ ಮೊದಲ ವ್ಯಾಸಂಗ ಕಲ್ಲಿಕೋಟೆಯಲ್ಲಿಯೂ ಮುಂದಿನದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ನಡೆಯಿತು. ೧೮೬೮ರಲ್ಲಿ ರಂಗಾಚಾರ್ಲು ಅವರ ಮೂಲಕ ಮೈಸೂರು ಸಂಸ್ಥಾನದ ನೌಕರಿಗೆ ಸೇರಿದರು. ಮೊದಲು ಕೆಲಸ ಮಾಡಿದ್ದು ಅಷ್ಟಗ್ರಾಮ ವಿಭಾಗದಲ್ಲಿ. ಈಗ ಮಂಡ್ಯ ಜಿಲ್ಲೆಯೆನಿಸಿರುವ ನೆಲವೆಲ್ಲ ಆಗ ಆ ವಿಭಾಗಕ್ಕೇ ಸೇರಿತ್ತು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ೧೯೩೯ರಲ್ಲಷ್ಟೆ. ಹೀಗೆ ಪರಊರಿನಿಂದ ಬಂದವರು ಎಂದು ಅವರ ವಿರೋಧಿಗಳು ಕೊನೆಯವರೆಗೂ ಆಡಿಕೊಂಡರೂ, ಅವರ ಉದ್ಯೋಗಜೀವನ ಆರಂಭವಾದದ್ದು ನಮ್ಮ ನೆಲದಲ್ಲಿಯೇ.

ನೌಕರಿಯಲ್ಲಿದ್ದುಕೊಂಡೇ ಕಾನೂನು ಪದವಿಯನ್ನು ಪಡೆದು, ತುಮಕೂರಿನಲ್ಲಿ ಡೆಪ್ಯುಟಿ ಕಮೀಷನರಾಗಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ೧೮೮೧ರಲ್ಲಿ ರಾಜ್ಯ ಮತ್ತೆ ಒಡೆಯರ ವಂಶಕ್ಕೆ ಬಂದಾಗ ರಂಗಾಚಾರ್ಲು ದಿವಾನರಾದರು. ಎರಡೇ ವರ್ಷದಲ್ಲಿ, ೧೮೮೩ರ ಜನವರಿಯಲ್ಲಿ, ಅವರು ತೀರಿಕೊಂಡರು. ಮುವ್ವತ್ತೇಳು ವರ್ಷ ವಯಸ್ಸಿನ ಶೇಷಾದ್ರಿ ಅಯ್ಯರ್ ಅವರ ಹೆಗಲಿಗೆ ಸಂಸ್ಥಾನದ ನೊಗ ಬಿತ್ತು.

ಅದೇನು ಹಗುರವಾದ ನೊಗವಲ್ಲ. ೧೮೭೬ರಿಂದ ೧೮೭೮ರವರೆಗಿನ ಘೋರ ಬರಗಾಲದಲ್ಲಿ ಜನ ಲಕ್ಷಗಟ್ಟಲೆ ಸತ್ತಿದ್ದರು. ಆ ಬರದ ಸಾಲವೇ ೮೦ ಲಕ್ಷ ರೂಪಾಯಿ ಉಳಿದಿತ್ತು. ಖಜಾನೆ ಬರಿದು. ಬೆಂಗಳೂರಿನಿಂದ ಮದ್ದೂರು, ಮಂಡ್ಯಗಳ ಮೇಲೆ ಮೈಸೂರಿಗೆ ಹೋಗುವ ರೈಲುದಾರಿ ೧೮೮೨ರಲ್ಲಿ ಹೊಸದಾಗಿ ತೆರೆದಿತ್ತಾದರೂ, ಮುಂದಿನ ದಾರಿಗಳಿಗೆ ಹಣವಿರಲಿಲ್ಲ. ಇಂಥ ಸ್ಥಿತಿಯಲ್ಲಿ ಹದಿನೆಂಟು ವರ್ಷ ದಿವಾನಗಿರಿ ಮಾಡಿ, ಸಾಲ ತೀರಿಸಿ, ಉಳಿತಾಯ ತೋರಿಸಿದರು. ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ತಂದರು. ೧೮೯೮ರಲ್ಲಿ ಮಾರಿಕಣಿವೆಯ ಅಣೆಕಟ್ಟಿಗೆ ಕೈಹಾಕಿದರು. ಅದೇ ವರ್ಷ ಪ್ಲೇಗು ಬಂದಾಗ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಎಬ್ಬಿಸಿದರು. ಪಟ್ಟಿಯನ್ನು ಇನ್ನೂ ಉದ್ದ ಮಾಡಬಹುದು. ಆದರೆ ನನ್ನ ಕಣ್ಣು ಶಿವನಸಮುದ್ರದ ಮೇಲಿದೆ.

ಅವರ ಸ್ವಭಾವದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ಸಲ್ಲದು. ಅವರು ಎಲ್ಲರ ಮೆಚ್ಚುಗೆಗೆ ಪಾತ್ರರಾದವರಲ್ಲ. ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು, ಮೇಲಿನ ಹುದ್ದೆಗಳಿಗೆ ಮದರಾಸಿನವರನ್ನು ಕರೆತಂದರು ಎಂಬ ದೂರು ಬಲವಾಗಿತ್ತು; ಮೈಸೂರು ಮೈಸೂರಿನವರಿಗೇ ಎಂಬ ಕೂಗು ಅವರ ಕಾಲದಲ್ಲಿ ಜೋರಾದದ್ದು ಸುಮ್ಮನೆ ಅಲ್ಲ. ಪ್ಲೇಗಿನ ಕಟ್ಟುಪಾಡುಗಳನ್ನು ತಾಳಲಾರದೆ ೧೮೯೮ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನ ದಂಗೆಯೆದ್ದರು. ಚಾಮರಾಜೇಂದ್ರ ಒಡೆಯರು ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲಮರಣಕ್ಕೀಡಾದ ಮೇಲೆ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾದರು. ದಿವಾನರ ಹಿಡಿತ ಆಗ ಇನ್ನೂ ಬಿಗಿಯಾಯಿತು. ಈ ಬಿಗಿ ಹಿಡಿತವಿಲ್ಲದಿದ್ದರೆ ಶಿವನಸಮುದ್ರ ಆಗುತ್ತಿತ್ತೇ ಎಂದು ಕೇಳಿದರೆ, ಆಗುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಹಾಗೆಂದು ಗಂಜಾಂನವರ ಸಿಟ್ಟು ಸುಳ್ಳಾಗುವುದಿಲ್ಲ.

ಶಿವನಸಮುದ್ರದಲ್ಲಿ ಕಾವೇರಿ ಇಬ್ಭಾಗವಾಗಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವುದನ್ನು ಸಹಪಾಠಿಗಳೆಲ್ಲ ನೋಡಿಯೇ ಇರುತ್ತೀರಿ. ಕೆಳಗೆ ಬೀಳುವ ನೀರು ಸುಮಾರು ೪೦೦ ಅಡಿ ಇಳಿಯುತ್ತದೆ. ಶಕ್ತಿ ಅಲ್ಲಿದೆ, ಕೊಳ್ಳುವವನೆಲ್ಲಿ? ಆಗಿನ ಮಳವಳ್ಳಿ ಸೀಮೆಯಲ್ಲಿ ರಾಗಿಕಲ್ಲು, ಎತ್ತಿನ ಗಾಣ, ಹರಳೆಣ್ಣೆಯ ಹಣತೆ. ಕೊಳ್ಳಬಲ್ಲ ಗಿರಾಕಿಯಿದ್ದದ್ದು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಯಲ್ಲಿ. ಅಲ್ಲಿ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಉರುವಲಿನ ಖರ್ಚು ವಿಪರೀತ. ಅಷ್ಟು ದೂರಕ್ಕೆ ವಿದ್ಯುಚ್ಛಕ್ತಿಯನ್ನು ತಂತಿಯ ಮೇಲೆ ಒಯ್ಯಬಹುದೆ ಎಂಬುದು ಆಗ ಪ್ರಪಂಚದಲ್ಲಿಯೇ ಇತ್ಯರ್ಥವಾಗದಿದ್ದ ಪ್ರಶ್ನೆ.

ಸಂಸ್ಥಾನದ ಡೆಪ್ಯುಟಿ ಚೀಫ್ ಎಂಜಿನಿಯರಾಗಿದ್ದ ಜಾಲಿ ಡಿ ಲಾಟ್‌ಬಿನಿಯರ್ ಎಂಬ ಕೆನಡಾ ಮೂಲದ ಅಧಿಕಾರಿಯನ್ನು ದಿವಾನರು ಯೂರೋಪಿಗೂ ಅಮೆರಿಕಕ್ಕೂ ಕಳುಹಿಸಿದರು. ಆತ ಅಲ್ಲಿಯ ವಿದ್ಯುದಾಗಾರಗಳನ್ನು ಕಂಡು, ಕೆಲಸ ಸಾಧ್ಯವೆಂದು ವರದಿ ತಂದ. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಹೊಳೆಯಾಚೆಯ ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಆ ಸರ್ಕಾರದೊಡನೆಯೂ ಮಾತುಕತೆ ನಡೆಸಬೇಕಾಯಿತು. ಹತ್ತಿರದ ರೈಲ್ವೆ ಸ್ಟೇಷನ್ನೆಂದರೆ ಮದ್ದೂರು. ಈಗ ವಡೆಗೆ ಹೆಸರಾದ ಆ ಸ್ಟೇಷನ್ನಿನಲ್ಲಿ ಅಂದು ಉಕ್ಕಿನ ಕೊಳವೆಗಳೂ ಯಂತ್ರದ ಭಾಗಗಳೂ ಇಳಿದು, ಎತ್ತಿನ ಗಾಡಿಗಳಲ್ಲಿಯೂ ಆನೆಗಳ ಬಲದಿಂದಲೂ ಮಳವಳ್ಳಿಯ ದಾರಿ ಹಿಡಿದು ಸಾಗಿದವು. ವಿದ್ಯುದ್ಯುಗವನ್ನು ನಮ್ಮ ನಾಡಿಗೆ ಎಳೆದು ತಂದದ್ದು ಎತ್ತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇಲ್ಲಿ ದಿವಾನರ ಲೆಕ್ಕಾಚಾರವನ್ನು ಗಮನಿಸಬೇಕು. ನೀರಿಗೆ ಬೆಲೆಯಿಲ್ಲ, ಉರುವಲು ಬೇಡ. ಖರ್ಚೆಲ್ಲ ಮೊದಲಿನದು: ನಾಲೆ, ಕೊಳವೆ, ಯಂತ್ರ, ಕಂಬ, ತಂತಿ. ಆಮೇಲೆ ವರ್ಷವರ್ಷವೂ ಅಲ್ಪ ಖರ್ಚು, ಸತತ ಆದಾಯ. ಆದುದರಿಂದ ಗಣಿ ಕಂಪನಿಗಳೊಡನೆ ಮೊದಲು ಹೆಚ್ಚಿನ ದರ, ವರ್ಷಗಳು ಕಳೆದಂತೆ ಇಳಿಯುವ ದರ ಎಂಬ ಕ್ರಮದಲ್ಲಿ ಕರಾರಾಯಿತು. ಹಾಕಿದ ಬಂಡವಾಳ ಬೇಗ ಮರಳಲಿ ಎಂಬುದು ಅದರ ಮರ್ಮ.

ಸೌರಫಲಕದ ಲೆಕ್ಕವೂ ಅಕ್ಷರಶಃ ಇದೇ. ಬಿಸಿಲಿಗೆ ಬೆಲೆಯಿಲ್ಲ, ಖರ್ಚೆಲ್ಲ ಮೊದಲ ದಿನದ್ದು. ಭೇದವಿರುವುದು ದಕ್ಷತೆಯಲ್ಲಿ. ಒಳ್ಳೆಯ ಟರ್ಬೈನು ಬೀಳುವ ನೀರಿನ ಶಕ್ತಿಯಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲನ್ನು ಹಿಡಿಯುತ್ತದೆ. ಸಿಲಿಕಾನಿನ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯವರು ೧೯೫೪ರಲ್ಲಿ ಪ್ರಕಟಪಡಿಸಿದಾಗ ಅದು ಬಿಸಿಲಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾಡುತ್ತಿತ್ತು. ಈಗ ಮನೆಗೆ ಹಾಕುವ ಫಲಕಗಳು ಇಪ್ಪತ್ತರಿಂದ ಇಪ್ಪತ್ತೆರಡು ಪಾಲನ್ನು ಹಿಡಿಯುತ್ತವೆ. ಒಂದು ಕಿಲೋವಾಟಿನ ಫಲಕಕ್ಕೆ ಸುಮಾರು ೫ ಚದರ ಮೀಟರ್ ಮೈ ಬೇಕು. ನೆರಳು ಬೀಳದಂತೆ, ಓಡಾಡಲು ಜಾಗ ಬಿಟ್ಟು ಹಾಕಿದರೆ ಇನ್ನೂ ಹೆಚ್ಚು. ನಮ್ಮ ಬಿಸಿಲಿಗೆ ಅದು ದಿನಕ್ಕೆ ಸರಾಸರಿ ೪ ಯೂನಿಟ್ ಕೊಡುತ್ತದೆ.

ಶಿವನಸಮುದ್ರದಲ್ಲಿ ಮೊದಲು ನಿಂತದ್ದು ೭೨೦ ಕಿಲೋವಾಟಿನ ಆರು ಯಂತ್ರಗಳು, ಒಟ್ಟು ೪,೩೨೦ ಕಿಲೋವಾಟ್. ತಲಾ ೩ ಕಿಲೋವಾಟಿನಂತೆ ೧,೪೪೦ ಮನೆಗಳ ಮಾಳಿಗೆ ಸೇರಿದರೆ ಅಷ್ಟಾಯಿತು ಎನ್ನಿಸುತ್ತದೆ. ಆದರೆ ಹೊಳೆ ರಾತ್ರಿಯೂ ಹರಿಯುತ್ತದೆ, ಸೂರ್ಯ ಮುಳುಗುತ್ತಾನೆ. ಇಪ್ಪತ್ತನಾಲ್ಕು ಗಂಟೆಯ ಪೂರ್ಣ ದುಡಿಮೆಗೆ ಸರಿದೂಗಬೇಕಾದರೆ ಅದರ ಆರರಷ್ಟು, ಎಂದರೆ ೮,೬೪೦ ಮನೆಗಳು ಬೇಕು. ಒಂದು ತಾಲ್ಲೂಕಿನಲ್ಲಿ ಅಷ್ಟು ಮಾಳಿಗೆಗಳು ಸಿಕ್ಕಾವು.

ಹೊಳೆಯಾದರೂ ಸದಾ ಸಮನಾಗಿ ಹರಿಯಿತೇ? ಇಲ್ಲ. ಬೇಸಗೆಯಲ್ಲಿ ಕಾವೇರಿ ಬಡವಾದಾಗ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲದಾಗುತ್ತಿತ್ತು. ಮೇಲೆ ನೀರು ಕೂಡಿಟ್ಟು ಬೇಕಾದಾಗ ಬಿಡುವ ಜಲಾಶಯ ಬೇಕೆಂಬ ಯೋಚನೆಗೆ ಈ ಕೊರತೆಯೂ ಒಂದು ಮುಖ್ಯ ಕಾರಣ. ೧೯೧೧ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. ಆ ಕಟ್ಟೆಯನ್ನು ನಾವು ಗದ್ದೆಗೆಂದೇ ತಿಳಿದಿದ್ದೇವೆ. ಶಿವನಸಮುದ್ರದ ಪಾಲಿಗೆ ಅದು ಬ್ಯಾಟರಿ. ಸೌರಫಲಕಕ್ಕೂ ಇದೇ ಬೇನೆ. ಬ್ಯಾಟರಿಯಿಲ್ಲದೆ ಸರ್ಕಾರದ ಲೈನಿಗೆ ಜೋಡಿಸಿದ ಫಲಕವು ಲೈನಿನಲ್ಲಿ ಕರೆಂಟು ಹೋದೊಡನೆ, ಬಿಸಿಲಿದ್ದರೂ, ತಾನೂ ನಿಂತುಬಿಡುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್ನಿನ ಜೀವರಕ್ಷಣೆಗಾಗಿ ಮಾಡಿರುವ ಏರ್ಪಾಡು ಇದು. ಹಾಕಿಸುವ ಮೊದಲು ಇದನ್ನು ಎಷ್ಟು ಮಂದಿ ತಿಳಿದಿದ್ದಾರೆ?

ಇನ್ನು ದುಡ್ಡಿನ ಮಾತು. ೩ ಕಿಲೋವಾಟಿನ ಏರ್ಪಾಡಿಗೆ ಬ್ಯಾಟರಿಯಿಲ್ಲದೆ ಈಗ ೧ ಲಕ್ಷ ೮೦ ಸಾವಿರದಿಂದ ೨ ಲಕ್ಷ ರೂಪಾಯಿಯ ಆಸುಪಾಸು ಬೀಳುತ್ತದೆ. ೨೦೨೪ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ ೧ ಕಿಲೋವಾಟಿಗೆ ೩೦,೦೦೦, ೨ಕ್ಕೆ ೬೦,೦೦೦, ೩ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ೭೮,೦೦೦ ರೂಪಾಯಿ ಸಹಾಯಧನವಿದೆ. ಕೈಯಿಂದ ಹಾಕುವುದು ಸುಮಾರು ೧ ಲಕ್ಷ ೧೦ ಸಾವಿರವೆಂದೂ, ತಿಂಗಳಿಗೆ ೩೬೦ ಯೂನಿಟ್ ಹುಟ್ಟುವುದೆಂದೂ, ಯೂನಿಟ್ಟಿಗೆ ೬ ರೂಪಾಯಿಯೆಂದೂ ಇಟ್ಟುಕೊಂಡರೆ, ಅಷ್ಟನ್ನೂ ತಾನೇ ಬಳಸುವ ಮನೆಗೆ ನಾಲ್ಕು ಚಿಲ್ಲರೆ ವರ್ಷದಲ್ಲಿ ಅಸಲು ಕೈಸೇರುತ್ತದೆ. ಫಲಕದ ಆಯುಸ್ಸು ಇಪ್ಪತ್ತೈದು ವರ್ಷ. ಮಂಡ್ಯದ ಪೇಟೆಯಲ್ಲಿ ಫ್ರಿಜ್ಜು, ಗೀಸರು ಇಟ್ಟುಕೊಂಡವರಿಗೆ ಇದು ಲಾಭದ ಬಾಬತ್ತು. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ತಿಂಗಳಿಗೆ ಅರವತ್ತೆಪ್ಪತ್ತು ಯೂನಿಟ್ ಉರಿಸುವ ಮನೆಯ ಮಾತು ಬೇರೆ. ೨೦೨೩ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ಅಂಥವರ ಬಿಲ್ಲು ಸೊನ್ನೆ, ಸೊನ್ನೆಯಲ್ಲಿ ಉಳಿಸುವುದೇನು? ಅವರಿಗೆ ಲಕ್ಷ ರೂಪಾಯಿ ಹೂಡಿ ಎಂದು ಬುದ್ಧಿ ಹೇಳುವವರು ಮೊದಲು ದಿವಾನರಂತೆ ಲೆಕ್ಕ ಹಾಕುವುದನ್ನು ಕಲಿಯಬೇಕು.

ಆದರೆ ದಿವಾನರ ಲೆಕ್ಕದಲ್ಲಿಯೂ ನಮ್ಮ ಸೀಮೆಗೆ ಪಾಲಿರಲಿಲ್ಲವೆಂಬುದನ್ನು ಮರೆಮಾಡಬಾರದು. ನೀರು ನಮ್ಮಲ್ಲಿ ಧುಮುಕಿತು, ಬೆವರು ನಮ್ಮಲ್ಲಿ ಸುರಿಯಿತು, ಶಕ್ತಿ ತಂತಿಯೇರಿ ಕೋಲಾರಕ್ಕೆ ಹೋಯಿತು. ಹೆಸರಿನಲ್ಲಿಯೇ ಬೆಳಕನ್ನಿಟ್ಟುಕೊಂಡ ಬೆಳಕವಾಡಿ ವಿದ್ಯುದಾಗಾರಕ್ಕೆ ಕೂಗಳತೆಯ ನೆರೆಯೂರು. ಆ ಊರನ್ನು ನೆನೆದು ಆ ಯೋಜನೆಯನ್ನು ಯಾರೂ ಮಾಡಿದ್ದಲ್ಲ. ಕೊಳ್ಳುವವನಿಲ್ಲದೆ ಅಷ್ಟು ದೊಡ್ಡ ಬಂಡವಾಳ ಹೂಡಲು ಸಾಲದಿಂದ ಆಗತಾನೇ ಎದ್ದ ಸಂಸ್ಥಾನಕ್ಕೆ ಶಕ್ತಿಯಿರಲಿಲ್ಲವೆಂಬುದು ದಿವಾನರ ಪರವಾದ ವಾದ. ಅದನ್ನು ನಾನು ಒಪ್ಪುತ್ತೇನೆ. ಚಿನ್ನದ ಗಣಿಯ ರಾಜಧನದಿಂದ ಸಂಸ್ಥಾನ ಬದುಕಿತು, ಆ ಹಣದಿಂದಲೂ ಮುಂದೆ ಕೆರೆ ಕಟ್ಟೆ ಶಾಲೆಗಳಾದವು. ಆದರೂ ಮಾಳಿಗೆಯ ಫಲಕದಲ್ಲಿ ಒಂದು ಗುಣವಿದೆ, ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲಾಗುವುದಿಲ್ಲ: ಅಲ್ಲಿ ಹುಟ್ಟಿದ ಕರೆಂಟು ಮೊದಲು ಅದೇ ಮನೆಯ ದೀಪಕ್ಕೆ ಹೋಗುತ್ತದೆ, ಮಿಕ್ಕಿದ್ದು ಹೊರಕ್ಕೆ.

ಕೆಲವರು ಶಿವನಸಮುದ್ರವನ್ನು ಇಂಡಿಯಾದ ಮೊದಲ ಜಲವಿದ್ಯುದಾಗಾರವೆನ್ನುತ್ತಾರೆ. ಅದು ಸರಿಯಲ್ಲ, ಡಾರ್ಜಿಲಿಂಗಿನಲ್ಲಿ ಒಂದು ಚಿಕ್ಕ ವಿದ್ಯುದಾಗಾರ ೧೮೯೭ರಲ್ಲಿಯೇ ನಡೆಯತೊಡಗಿತ್ತು. ನಮ್ಮದರ ಹೆಚ್ಚುಗಾರಿಕೆ ಗಾತ್ರದಲ್ಲಿ ಮತ್ತು ದೂರದಲ್ಲಿ. ೩೫,೦೦೦ ವೋಲ್ಟಿನಲ್ಲಿ ೯೨ ಮೈಲಿ ಒಯ್ಯುವ ತಂತಿದಾರಿ ಆಗ ಜಗತ್ತಿನ ಅತಿ ಉದ್ದದವುಗಳ ಸಾಲಿನಲ್ಲಿತ್ತು.

ಹದಿನೆಂಟು ವರ್ಷದ ದುಡಿಮೆ ದಿವಾನರ ದೇಹವನ್ನು ತಿಂದಿತ್ತು. ೧೯೦೧ರ ಮಾರ್ಚಿನಲ್ಲಿ, ಅನಾರೋಗ್ಯದಿಂದ, ಅಧಿಕಾರ ಬಿಟ್ಟರು. ಶಿವನಸಮುದ್ರದಲ್ಲಿ ಆಗ ಕೆಲಸ ಭರದಿಂದ ನಡೆದಿತ್ತು. ಅದೇ ಸೆಪ್ಟೆಂಬರ್ ೧೩ರಂದು ತೀರಿಕೊಂಡರು, ವಯಸ್ಸು ಐವತ್ತಾರು. ಯಂತ್ರ ತಿರುಗಿ ಕೋಲಾರಕ್ಕೆ ಶಕ್ತಿ ಹರಿದದ್ದು ೧೯೦೨ರ ಜೂನ್ ೩೦ರಂದು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಯಲ್ಲಿ ಅದೇ ಶಕ್ತಿಯಿಂದ ದೀಪ ಹತ್ತಿತು. ಬ್ಲಫ್ ಎಂದು ನಮ್ಮ ಜನ ಕರೆಯುವ ಆ ಜಾಗದಲ್ಲಿ, ಇಳಿಜಾರಿನ ಕೊಳವೆಗಳ ಬುಡದಲ್ಲಿ, ಅವರ ಹೆಸರಿಟ್ಟ ವಿದ್ಯುದಾಗಾರವು ನೂರಿಪ್ಪತ್ತು ವರ್ಷ ದಾಟಿದ ಮೇಲೂ, ೪೨ ಮೆಗಾವಾಟಿನ ಸಾಮರ್ಥ್ಯದೊಡನೆ, ಕೆಲಸ ಮಾಡುತ್ತಲೇ ಇದೆ.