ಸಂಗಮದ ನೆಲದ ಸಂತ ಮಾಣಿಕಪ್ರಭು

ಬೀದರ ಜಿಲ್ಲೆಯ ಹುಮನಾಬಾದಿನ ಸಮೀಪ ಗುರುಗಂಗಾ, ವಿರಜಾ ಎಂಬ ಎರಡು ಕಿರುಹೊಳೆಗಳು ಕೂಡುತ್ತವೆ. ಆ ಸಂಗಮಸ್ಥಳವೇ ಮಾಣಿಕನಗರ. ಭಿನ್ನ ಮತಗಳ ನೆರೆಹೊರೆಯವರು ಅಲ್ಲಿ ಒಂದೇ ಅಂಗಳದಲ್ಲಿ ಕಲೆಯುವಂತೆ ಮಾಡಿದ ಮಹನೀಯರು ಶ್ರೀ ಮಾಣಿಕಪ್ರಭುಗಳು.

ಅವರು 1817ರ ಡಿಸೆಂಬರ್ 22ರಂದು, ದತ್ತಜಯಂತಿಯ ದಿನ, ಕಲ್ಯಾಣದ ಬಳಿಯ ಲಾಡವಂತಿ ಗ್ರಾಮದಲ್ಲಿ ಮನೋಹರ ನಾಯಕ ಮತ್ತು ಬಯಾದೇವಿಯವರ ಪುತ್ರರಾಗಿ ಜನಿಸಿದರು. ಅವರು ಬೆಳೆದದ್ದು ಇಂದಿನ ಬಸವಕಲ್ಯಾಣದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಶರಣರಿಗೆ ನೆಲೆಯಾಗಿದ್ದ ಆ ಪಟ್ಟಣವು ಅಂದು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕನ್ನಡ, ಮರಾಠಿ, ಉರ್ದು ಭಾಷೆಗಳು ಅಲ್ಲಿನ ಬೀದಿಗಳಲ್ಲಿ ಬೆರೆತಿದ್ದವು. ದೇವಾಲಯ, ಮಠ, ದರ್ಗಾಗಳಿಗೆ ನಡೆದುಕೊಳ್ಳುವವರು ಅಕ್ಕಪಕ್ಕದ ಮನೆಗಳಲ್ಲಿಯೇ ವಾಸವಾಗಿದ್ದರು.

ಸೋದರಮಾವನ ಆಶ್ರಯದಲ್ಲಿದ್ದ ಬಾಲಕನಿಗೆ ಲೌಕಿಕ ಉದ್ಯೋಗದಲ್ಲಿ ಮನಸ್ಸು ನಿಲ್ಲಲಿಲ್ಲವೆಂದೂ, ಎಳೆವಯಸ್ಸಿನಲ್ಲಿಯೇ ಮನೆಯನ್ನು ತೊರೆದು ಸಂಚಾರ ಕೈಗೊಂಡನೆಂದೂ ಸಂಪ್ರದಾಯದವರು ಹೇಳುತ್ತಾರೆ. 1845ರಲ್ಲಿ ಪ್ರಭುಗಳು ಸಂಗಮದ ಬಳಿ ನೆಲೆಸಿದರು. ಬಂದವರಿಗೆಲ್ಲ ಅನ್ನದಾನ ನಡೆಯಿತು. ಕಾಣಿಕೆಯಾಗಿ ಬಂದದ್ದು ಬಡವರ ಪಾಲಾಯಿತು. ಸಂಗೀತಗಾರರಿಗೂ ಪಂಡಿತರಿಗೂ ಅಲ್ಲಿ ಗೌರವ ದೊರೆಯಿತು. ಸ್ವತಃ ಪ್ರಭುಗಳೇ ಕನ್ನಡ, ಮರಾಠಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು.

ಅವರ ಬೋಧೆಗೆ ಸಕಲಮತ ಸಿದ್ಧಾಂತವೆಂದು ಹೆಸರು. ಎಲ್ಲ ಮತಗಳೂ ಒಂದೇ ಪರಮಸತ್ಯವನ್ನು ಅರಸುವುದರಿಂದ ಯಾವುದನ್ನೂ ಹಳಿಯಬಾರದೆಂಬುದೇ ಅದರ ತಿರುಳು. ಅವರು ತಮ್ಮ ದತ್ತಭಕ್ತಿಯನ್ನು ಬಿಡಲಿಲ್ಲ. ಪರರು ತಮ್ಮ ಆಚಾರವನ್ನು ಬಿಡಬೇಕೆಂದು ಬಯಸಲೂ ಇಲ್ಲ. ಲಿಂಗಾಯತರು ಅವರಲ್ಲಿ ಬಸವಣ್ಣನವರನ್ನೂ, ಮುಸಲ್ಮಾನರು ಮೆಹಬೂಬ್ ಸುಭಾನಿಯವರನ್ನೂ ಕಂಡರೆಂಬುದು ಜನರ ನೆನಪು. ಜಾತಿಮತಗಳ ಕಟ್ಟು ಬಿಗಿಯಾಗಿದ್ದ ಆ ಕಾಲದಲ್ಲಿ ಇದು ಸುಲಭಸಾಧ್ಯವಾದ ಕಾರ್ಯವಾಗಿರಲಿಲ್ಲ.

1865ರ ನವೆಂಬರ್ 29ರಂದು, ತಮ್ಮ 47ನೆಯ ವಯಸ್ಸಿನಲ್ಲಿ, ಪ್ರಭುಗಳು ಮಾಣಿಕನಗರದಲ್ಲಿಯೇ ಸಮಾಧಿಸ್ಥರಾದರು. ಅವರ ಪೀಠದ ಪರಂಪರೆ ಇಂದಿಗೂ ನಡೆದುಬಂದಿದೆ. ದತ್ತಜಯಂತಿಯ ಉತ್ಸವಕ್ಕೆ ಸುತ್ತಣ ಗ್ರಾಮಗಳಿಂದ ಜನರು ಕೂಡುತ್ತಾರೆ.

ಅವರು ಅಗಲಿ ಒಂದು ಶತಮಾನ ತುಂಬುತ್ತಿದ್ದ 1965ರ ಅಕ್ಟೋಬರ್ 28ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ಸಾರಿತು. ಸಿದ್ಧಾಂತಗಳು ಬೇರೆ, ಆರಾಧನೆಗಳು ಬೇರೆ. ಆದರೂ ಸ್ವಧರ್ಮದಲ್ಲಿ ದೃಢವಾಗಿ ನಿಂತವನು ನೆರೆಯವನ ಧರ್ಮಕ್ಕೆ ಅಂಜಬೇಕಾಗಿಲ್ಲ, ಅದನ್ನು ಹಳಿಯಬೇಕಾಗಿಯೂ ಇಲ್ಲವೆಂಬುದನ್ನು ಈ ಸಂತರ ಬಾಳು ನಮ್ಮ ನಾಡಿಗೆ ತೋರಿಸಿಕೊಟ್ಟಿದೆ.