ಸಿ.ಐ.ಡಿ. 999 ರಾಜಕುಮಾರರು

ಡಾ. ರಾಜಕುಮಾರರ ಜೀವನವನ್ನು ಬರೆಯುವವರು ಭಕ್ತ ಕನಕದಾಸ, ರಣಧೀರ ಕಂಠೀರವರಿಂದ ಹೊರಟು ಬಂಗಾರದ ಮನುಷ್ಯನವರೆಗೆ ರಾಜಮಾರ್ಗದಲ್ಲಿಯೇ ಸಾಗುತ್ತಾರೆ. ಅವರು ಪಿಸ್ತೂಲು ಹಿಡಿದು ನಟಿಸಿದ ಗುಪ್ತಚರ ಚಿತ್ರಗಳಿಗೆ ಅಲ್ಲಿ ಅರ್ಧ ವಾಕ್ಯ ದೊರೆತರೆ ಹೆಚ್ಚು. ಬೆಟಗೇರಿಯ ನಮ್ಮ ಮನೆಯಲ್ಲಿ ಮಾತ್ರ ಕಥೆ ಆ ಅರ್ಧ ವಾಕ್ಯದಿಂದಲೇ ಪ್ರಾರಂಭವಾಗುತ್ತಿತ್ತು. ಓದು ಬರಹವಿಲ್ಲದ ನನ್ನಜ್ಜ ಮಗ್ಗದ ಮುಂದೆ ಕುಳಿತು ಹೇಳುತ್ತಿದ್ದುದು ಸಿ.ಐ.ಡಿ. 999ನ ಸಾಹಸವನ್ನೇ.

1929ರ ಏಪ್ರಿಲ್ 24ರಂದು ಹುಟ್ಟಿದ ಗಾಜನೂರಿನ ಮುತ್ತುರಾಜರಿಗೆ ಶಾಲೆಯ ಯೋಗ ಹೆಚ್ಚು ದಿನ ಇರಲಿಲ್ಲ. ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಮಗನಿಗೂ ಅದೇ ಪಾಠಶಾಲೆಯಾಯಿತು. ಕಂಪನಿ ನಾಟಕವೆಂದರೇನೆಂಬುದನ್ನು ಗರುಡ ಸದಾಶಿವರಾಯರನ್ನು ಕಂಡ ಗದಗಿಗೆ ನಾನು ತಿಳಿಸಬೇಕಾಗಿಲ್ಲ. ಇಂದು ದೇವರಾದವನು ನಾಳೆ ಕಳ್ಳನಾಗಲೇಬೇಕು. 1954ರಲ್ಲಿ ಎಚ್. ಎಲ್. ಎನ್. ಸಿಂಹರ ‘ಬೇಡರ ಕಣ್ಣಪ್ಪ’ದಲ್ಲಿ ಅವರು ನಾಯಕರಾದರು, ರಾಜಕುಮಾರರೂ ಆದರು. 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ಅವರೇ ರಾಘವೇಂದ್ರ ಸ್ವಾಮಿಗಳು.

ಎರಡೇ ವರ್ಷಗಳ ತರುವಾಯ, 1968ರಲ್ಲಿ, ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂದಿತು. ಜೇಡರ ದಾಸಿಮಯ್ಯನ ಹೆಸರು ಕೇಳಿ ಬೆಳೆದ ನಮ್ಮ ನೇಕಾರ ಓಣಿಯವರು ಇದು ತಮ್ಮ ಕುಲದ ಪುರಾಣವಿರಬೇಕೆಂದು ತಿಳಿದು ಹೋದರಂತೆ! ಪರದೆಯ ಮೇಲೆ ಕಂಡದ್ದು ಕೋಟು ತೊಟ್ಟ ಪತ್ತೇದಾರ. ಆದರೂ ಯಾರೂ ಎದ್ದು ಬರಲಿಲ್ಲವೆಂದು ಅಜ್ಜನ ಸಾಕ್ಷಿ. ಕಾವಿಯಲ್ಲಿ ನಂಬಿದವನನ್ನು ಅವರು ಕೋಟಿನಲ್ಲಿಯೂ ನಂಬಿದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ತೆರೆಕಂಡವು.

ಇವು ಜೇಮ್ಸ್ ಬಾಂಡನ ಅನುಕರಣವೆಂಬ ಆಕ್ಷೇಪವುಂಟು, ಅದು ಸುಳ್ಳಲ್ಲ. ಕಥೆ ತೆಳುವೆಂಬುದನ್ನೂ ನಾನು ಒಪ್ಪುತ್ತೇನೆ. ಆದರೆ ಮೂಲದ ಬಾಂಡನಿಗಾದರೂ ವಿಮರ್ಶಕರ ಆಶೀರ್ವಾದವೆಲ್ಲಿತ್ತು? ಇಯಾನ್ ಫ್ಲೆಮಿಂಗನ ‘ಡಾಕ್ಟರ್ ನೋ’ ಕಾದಂಬರಿಯನ್ನು 1958ರಲ್ಲಿ ಲಂಡನ್ನಿನ ವಿಮರ್ಶಕ ಪಾಲ್ ಜಾನ್ಸನ್ ನಿರ್ದಾಕ್ಷಿಣ್ಯವಾಗಿ ಹಳಿದನು. 1962ರಲ್ಲಿ ಅದೇ ಚಲಚ್ಚಿತ್ರವಾಗಿ ಜಗತ್ತನ್ನೇ ಸುತ್ತಿತು. ನಮ್ಮಲ್ಲಿ 1970ರ ‘ಸಂಸ್ಕಾರ’ದ ಮೇಲೆ ಪಂಡಿತರ ಮನ್ನಣೆ ಹೊಸ ಅಲೆಯ ಕಡೆಗೆ ಹರಿಯಿತು. ಹರಿಯಬೇಕಾದದ್ದೇ. ತರಗತಿಯಲ್ಲಿ ‘ಸಂಸ್ಕಾರ’ವನ್ನು ಮೆಚ್ಚಿ ಮಾತನಾಡಿದ ದಿನ ಮನೆಗೆ ಬಂದು ಅಜ್ಜನೆದುರು 999ನನ್ನು ಹಗುರವಾಗಿ ಆಡಿದೆನು. ಅಜ್ಜ ಲಾಳಿ ನಿಲ್ಲಿಸಲಿಲ್ಲ, ಮಾತನ್ನೂ ಆಡಲಿಲ್ಲ. ಆ ಸಂಜೆ ಕಥೆ ಇರಲಿಲ್ಲ.

1978ರಲ್ಲಿ 999 ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಮರಳಿ ಬಂದನು. ಮೊದಲ ಮೂರು ಚಿತ್ರಗಳ ಕಾಲಕ್ಕೆ ರಾಜಕುಮಾರರಿಗೆ ಪಿ. ಬಿ. ಶ್ರೀನಿವಾಸರ ಕಂಠವಿತ್ತು, 1974ರ ‘ಸಂಪತ್ತಿಗೆ ಸವಾಲ್’ದಿಂದ ಅವರು ಸ್ವಂತ ದನಿಯಲ್ಲಿ ಹಾಡತೊಡಗಿದ್ದರು. ಈ ಚಿತ್ರದಲ್ಲಿ ಜಿ. ಕೆ. ವೆಂಕಟೇಶರ ಸಂಗೀತಕ್ಕೆ ಅವರು ಇಂಗ್ಲಿಷ್ ಹಾಡೊಂದನ್ನು ಹಾಡಿದರು. ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದವರು! ಇಂದು ಅದನ್ನು ಮೊಬೈಲಿನಲ್ಲಿ ಕೇಳಿ ನಗುವವರುಂಟು, ಕುಣಿಯುವವರುಂಟು. ಇಂಗ್ಲಿಷ್ ತರಗತಿಯಲ್ಲಿ ಎದ್ದು ನಿಂತು ಓದುವಾಗ ಕಾಲು ನಡುಗುವ ನಾನು ಮಾತ್ರ ನಗಲಾರೆ.

ಮುಂದೆ 1983ರಲ್ಲಿ ಪದ್ಮಭೂಷಣ, 1995ರ ಫಾಲ್ಕೆ ಪ್ರಶಸ್ತಿ ಬಂದವು. 2006ರ ಏಪ್ರಿಲ್ 12ರಂದು ರಾಜಕುಮಾರರು ತೀರಿಕೊಂಡರು. ಆಗ ನಾನು ತೊಟ್ಟಿಲ ಕೂಸು. ಸುದ್ದಿ ಬಂದೊಡನೆ ಅಜ್ಜ ಮಗ್ಗದಿಂದೆದ್ದವರು ಮರುದಿನವೂ ಕೂರಲಿಲ್ಲವೆಂದು ಅವ್ವ ಹೇಳುತ್ತಾಳೆ.